ಗಾಡಿ ನೇರ, ಸ್ಟೇರಿಂಗ್ ಸೊಟ್ಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಗಾಡಿಯ ಕೆಳಗಿನ ಕೆಲಸ ಮಾಡಿಸಿದ ಮೇಲೆ ಗಾಡಿ ಓಡುತ್ತದೆ, ಆದರೆ ಸ್ಟೇರಿಂಗ್ ಮೊದಲಿನ ಜಾಗದಲ್ಲಿ ನಿಲ್ಲುವುದಿಲ್ಲ. ಅಂಥವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಬಲಗಡೆಯ ರ್ಯಾಕ್ ಎಂಡ್, ಟೈ ರಾಡ್ ಎಂಡ್ ಎರಡೂ ಹೊಸವು ಹಾಕಿಸಿದೆವು. ಅಲೈನ್‌ಮೆಂಟ್ ಚೀಟಿಯಲ್ಲಿ ಎಲ್ಲಾ ಹಸಿರು ಬಂದದ. ಆದರೆ ಕಲಬುರಗಿ ರಸ್ತೆಗೆ ನೇರ ಹೊಡೆದಾಗ ಸ್ಟೇರಿಂಗ್ ಎರಡು ಬೆರಳಷ್ಟು ಬಲಕ್ಕೆ ತಿರುಗಿರ್ತದ. ಗ್ಯಾರೇಜಿನವರು ‘ಸ್ಟೇರಿಂಗ್ ಬಿಚ್ಚಿ ಒಂದ್ ಹಲ್ಲು ಸರಿಸಿ ಹಾಕಿದ್ರ ಮುಗೀತ್ರಿ’ ಅಂತಾರ. ಹಾಕಿಸ್ಲೇನ್ರಿ?
— ಓದುಗರು, ಹುಮನಾಬಾದ್

ಬೇಡ. ಸದ್ಯಕ್ಕೆ ಸ್ಟೇರಿಂಗಿನ ನಟ್ ಮುಟ್ಟಲು ಬಿಡಬೇಡಿ. ಕೆಲಸ ನಡೆದದ್ದು ಕೆಳಗೆ, ಟೈ ರಾಡಿನಲ್ಲಿ, ಅಂದರೆ ಸ್ಟೇರಿಂಗಿನ ರ್ಯಾಕಿನಿಂದ (ಎಡ ಬಲ ಜರುಗುವ ಹಲ್ಲಿನ ದಂಡ) ಗಾಲಿಗೆ ಹೋಗುವ ಸರಳಿನಲ್ಲಿ. ಅದರ ಒಳತುದಿ ರ್ಯಾಕ್ ಎಂಡ್, ಹೊರತುದಿ ಟೈ ರಾಡ್ ಎಂಡ್. ತಪ್ಪಿರುವುದೂ ಬಹುಮಟ್ಟಿಗೆ ಅಲ್ಲೇ. ತಕ್ಕಡಿಯ ಮುಳ್ಳು ಸೊಟ್ಟ ನಿಂತರೆ ಪರಡಿಯಲ್ಲಿ ಏನಿದೆ ಎಂದು ನೋಡುತ್ತೇವೆ, ಮುಳ್ಳನ್ನು ಬಗ್ಗಿಸುವುದಿಲ್ಲ.

ಚೀಟಿ ಹಸಿರಾಗಿದ್ದೂ ಸ್ಟೇರಿಂಗ್ ಸೊಟ್ಟ ಇರಲು ಕಾರಣ ಇಷ್ಟೇ: ಅಲೈನ್‌ಮೆಂಟ್ ಯಂತ್ರ ಅಳೆಯುವುದು ಗಾಲಿಗಳನ್ನು. ಒಳಗೆ ಸ್ಟೇರಿಂಗ್ ಯಾವ ಕಡೆ ತಿರುಗಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಕೆಲಸಗಾರ ಎಂಜಿನ್ ಚಾಲೂ ಇಟ್ಟು, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ನಾಲ್ಕಾರು ಸಲ ಆಡಿಸಿ, ನಡುವೆ ತಂದು, ಸೀಟಿಗೂ ಸ್ಟೇರಿಂಗಿಗೂ ನಡುವೆ ಸ್ಟ್ಯಾಂಡ್ ಕೊಟ್ಟು ಬಿಗಿದ ಮೇಲೆಯೇ ಟೋ (ಗಾಲಿ ಎಷ್ಟು ಒಳಮುಖ, ಎಷ್ಟು ಹೊರಮುಖ ಎಂಬ ಕೋನ) ಹೊಂದಿಸಬೇಕು. ಗಡಿಬಿಡಿಯಲ್ಲಿ ಸ್ಟ್ಯಾಂಡ್ ಕೊಡದೆ ಹೊಂದಿಸಿದರೆ ಎಡಗಾಲಿ 0.05 ಡಿಗ್ರಿ, ಬಲಗಾಲಿ 0.05 ಡಿಗ್ರಿ ಎಂದು ಚೊಕ್ಕಟ ಅಂಕಿಯೇ ಬರುತ್ತದೆ. ಸ್ಟೇರಿಂಗ್ ಆಗ ಹತ್ತು ಡಿಗ್ರಿ ತಿರುಗಿದ್ದರೂ ಅದು ಚೀಟಿಗೆ ಬರುವುದಿಲ್ಲ. ರಸ್ತೆಗೆ ಬಂದ ಮೇಲೆ ನಿಮಗೆ ಕಾಣುತ್ತದೆ.

ಹಾಗಿದ್ದರೂ ಸ್ಟೇರಿಂಗೇ ತನ್ನ ದಂಡದ (ಕಾಲಮ್) ತಪ್ಪು ಹಲ್ಲಿನ ಮೇಲೆ ಕೂತಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮುಂದಿನ ಎರಡೂ ಗಾಲಿ ಎತ್ತಿ, ಜಾಕ್ ನಂಬದೆ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಸ್ಟೇರಿಂಗಿನ ನೆತ್ತಿಗೆ ಒಂದು ತುಂಡು ಟೇಪ್ ಅಂಟಿಸಿ. ಪೂರ್ತಿ ಎಡಕ್ಕೆ ಒಯ್ದು, ಅಲ್ಲಿಂದ ಪೂರ್ತಿ ಬಲದವರೆಗೆ ಎಷ್ಟು ಸುತ್ತು ಎಂದು ಕಾಲು ಸುತ್ತಿನ ಲೆಕ್ಕದಲ್ಲಿ ಎಣಿಸಿ. ಮೂರೂಕಾಲು ಸುತ್ತು ಬಂತು ಅನ್ನಿ. ಬಲದಿಂದ ಅದರ ಅರ್ಧ, ಅಂದರೆ ಒಂದೂವರೆ ಸುತ್ತು ಮತ್ತು ಮೇಲೊಂದಿಷ್ಟು, ಹಿಂದಕ್ಕೆ ಬನ್ನಿ. ಅದು ರ್ಯಾಕಿನ ನಡು. ಅಲ್ಲಿ ಟೇಪ್ ನೆತ್ತಿಯಲ್ಲೇ ಇದ್ದರೆ ಸ್ಟೇರಿಂಗ್ ಸರಿ ಕೂತಿದೆ, ಟೈ ರಾಡುಗಳ ಉದ್ದ ತಪ್ಪಿದೆ. ರ್ಯಾಕ್ ನಡುವಿಗೆ ಬಂದರೂ ಟೇಪ್ ಪಕ್ಕಕ್ಕಿದ್ದು, ಎರಡೂ ಟೈ ರಾಡಿನ ಥ್ರೆಡ್ ಸಮ ಕಾಣುತ್ತಿದ್ದರೆ ಮಾತ್ರ ಹಿಂದೆ ಯಾರೋ ಸ್ಟೇರಿಂಗನ್ನೋ ಕಾಲಮ್ಮಿನ ಕೆಳಗಿನ ಜಾಯಿಂಟನ್ನೋ ಹಲ್ಲು ತಪ್ಪಿಸಿ ಹಾಕಿದ್ದಾರೆ ಎಂದರ್ಥ. ನಿಮ್ಮ ಪತ್ರ ನೋಡಿದರೆ ಮೊದಲನೆಯದೇ ಇರಬೇಕು, ಏಕೆಂದರೆ ಕೆಲಸಕ್ಕೆ ಮೊದಲು ಸ್ಟೇರಿಂಗ್ ಸರಿ ಇತ್ತು, ಅದನ್ನು ಯಾರೂ ಬಿಚ್ಚಿಲ್ಲ.

ಈಗ ಎಷ್ಟು ಸೊಟ್ಟ ಎಂದು ಅಳೆಯಬೇಕು. ನಾಲ್ಕೂ ಟೈರಿಗೆ ಹೇಳಿದಷ್ಟು ಗಾಳಿ ತುಂಬಿಸಿ. ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ನೇರವಾದ ಒಂದು ಕಡೆ 50 ಕಿ.ಮೀ. ವೇಗದಲ್ಲಿ ಹೊಡೆಯಿರಿ. ಗಾಡಿ ನೇರ ಹೋಗುತ್ತಿರುವಾಗ ಪಕ್ಕದಲ್ಲಿ ಕೂತವರು ಸ್ಟೇರಿಂಗಿನ ಟೇಪಿಗೆ ಎದುರಾಗಿ ಕಾಲಮ್ಮಿನ ಪ್ಲಾಸ್ಟಿಕ್ ಕವಚದ ಮೇಲೆ ಇನ್ನೊಂದು ಟೇಪ್ ಅಂಟಿಸಲಿ. ಅದೇ ರಸ್ತೆಯಲ್ಲಿ ವಾಪಸ್ ಬರುವಾಗಲೂ ಹಾಗೇ ಮಾಡಿ. ಎರಡು ಗುರುತುಗಳ ನಟ್ಟನಡುವನ್ನು ಹಿಡಿದು, ಸ್ಟೇರಿಂಗ್ ನೇರ ಇದ್ದಾಗ ಟೇಪ್ ನಿಲ್ಲುವ ಜಾಗದಿಂದ ಅದು ಎಷ್ಟು ದೂರ ಎಂದು ಸ್ಟೇರಿಂಗಿನ ಅಂಚಿನ ಮೇಲೆ ಅಳೆಯಿರಿ. ಸಾಮಾನ್ಯ ಕಾರಿನ ಸ್ಟೇರಿಂಗ್ 37 ಸೆಂ.ಮೀ. ಅಗಲ ಇರುತ್ತದೆ, ಅಂಚಿನಲ್ಲಿ 3.2 ಮಿ.ಮೀ. ಸರಿದರೆ ಒಂದು ಡಿಗ್ರಿ. ನಿಮ್ಮ ಎರಡು ಬೆರಳು ಸುಮಾರು 3 ಸೆಂ.ಮೀ. ಅಂದುಕೊಂಡರೆ ಹೆಚ್ಚುಕಡಿಮೆ 9 ಡಿಗ್ರಿ.

ಸ್ಟೇರಿಂಗ್ 16 ಡಿಗ್ರಿ ತಿರುಗಿದರೆ ಗಾಲಿ ಒಂದು ಡಿಗ್ರಿ ತಿರುಗುವುದು ಸಣ್ಣ ಕಾರುಗಳ ಸಾಮಾನ್ಯ ಲೆಕ್ಕ. ಹಾಗಾಗಿ ಗಾಲಿಯ ಹತ್ತಿರ ನಿಮ್ಮ ತಪ್ಪು ಅರ್ಧ ಡಿಗ್ರಿ ಮತ್ತು ಚೂರು. ಟೈ ರಾಡಿನ ಥ್ರೆಡ್ ಬಹಳ ಗಾಡಿಗಳಲ್ಲಿ 1.5 ಮಿ.ಮೀ. ಪಿಚ್ಚಿನದು, ಅದು ಹಿಡಿದು ತಿರುಗಿಸುವ ತೋಳು 12 ಸೆಂ.ಮೀ. ಆಸುಪಾಸು. ಒಂದು ಪೂರ್ತಿ ಸುತ್ತಿಗೆ ಗಾಲಿ 0.7 ಡಿಗ್ರಿ ತಿರುಗುತ್ತದೆ, ಸ್ಟೇರಿಂಗ್ 11 ಡಿಗ್ರಿಯಷ್ಟು ಸರಿಯುತ್ತದೆ. ನಿಮ್ಮ ಕಾರಿಗೆ ಎರಡೂ ಕಡೆ ಮುಕ್ಕಾಲು ಸುತ್ತು ಸಾಕು. ಮೊದಲು ಅರ್ಧ ಸುತ್ತು ಕೊಟ್ಟು ನೋಡಿ, ಉಳಿದದ್ದು ಆಮೇಲೆ.

ಯಾವ ಕಡೆ ಉದ್ದ, ಯಾವ ಕಡೆ ಗಿಡ್ಡ? ಇಲ್ಲಿಯೇ ಎಲ್ಲರೂ ಎಡವುವುದು. ಬಾನೆಟ್ ಎತ್ತಿ ಅಥವಾ ಕೆಳಗೆ ಬಾಗಿ ರ್ಯಾಕ್ ಎಲ್ಲಿದೆ ನೋಡಿ. ಗಾಲಿಯ ನಡುಗೆರೆಗಿಂತ ಹಿಂದೆ, ಅಂದರೆ ಚಾಲಕನ ಕಡೆಗೆ ಇದ್ದರೆ (ಎಂಜಿನ್ ಅಡ್ಡ ಕೂತಿರುವ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಹೀಗೇ) ಸ್ಟೇರಿಂಗ್ ಯಾವ ಕಡೆ ವಾಲಿದೆಯೋ ಆ ಕಡೆಯ ಟೈ ರಾಡ್ ಗಿಡ್ಡ ಮಾಡಬೇಕು, ಎದುರು ಕಡೆಯದು ಅಷ್ಟೇ ಉದ್ದ ಮಾಡಬೇಕು. ನಿಮ್ಮದು ಬಲಕ್ಕೆ ವಾಲಿದೆ: ಬಲದ್ದು ಗಿಡ್ಡ, ಎಡದ್ದು ಉದ್ದ. ರ್ಯಾಕ್ ಗಾಲಿಯ ನಡುಗೆರೆಗಿಂತ ಮುಂದೆ ಇದ್ದರೆ ಇದರ ತದ್ವಿರುದ್ಧ. ಉದ್ದವಾಯಿತೋ ಗಿಡ್ಡವಾಯಿತೋ ಎಂದು ತಿಳಿಯಲು ಲಾಕ್ ನಟ್ಟಿನ ಹಿಂದೆ ಹೊರಗೆ ಕಾಣುವ ಥ್ರೆಡ್ ನೋಡಿ. ಹೆಚ್ಚು ಕಂಡರೆ ಉದ್ದ.

ಎರಡೂ ಕಡೆ ಒಂದೇ ಪ್ರಮಾಣ ಅನ್ನುವುದನ್ನು ಬಿಡಬೇಡಿ. ಒಂದೇ ಕಡೆ ಮುಕ್ಕಾಲು ಸುತ್ತು ತಿರುಗಿಸಿದರೆ ಸ್ಟೇರಿಂಗ್ ಅರ್ಧ ಮಾತ್ರ ಸರಿಹೋಗುತ್ತದೆ, ಒಟ್ಟು ಟೋ ಅರ್ಧ ಡಿಗ್ರಿ ಕೆಡುತ್ತದೆ, ಹೊಸ ಟೈರಿನ ಅಂಚು ಗರಗಸ ಹಲ್ಲಿನಂತೆ ತಿಂದುಹೋಗುತ್ತದೆ.

ಕೈಕೆಲಸ ಹೀಗೆ. ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಬಿಡಿ. ರಾಡ್, ನಟ್, ಎಂಡ್ ಮೂರರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಎಷ್ಟು ತಿರುಗಿತು ಎಂದು ಅದೇ ಹೇಳುತ್ತದೆ. ಎಂಡನ್ನು ಒಂದು ಪಾನಾದಿಂದ ಹಿಡಿದು ಇನ್ನೊಂದರಿಂದ ಲಾಕ್ ನಟ್ ಸಡಿಲಿಸಿ; 19 ಅಥವಾ 22 ನಂಬರಿನ ಪಾನಾ ಹೆಚ್ಚಾಗಿ ಹತ್ತುತ್ತದೆ. ರಬ್ಬರ್ ಬೆಲ್ಲೋವಿನ (ರ್ಯಾಕ್ ಎಂಡ್ ಮುಚ್ಚುವ ಮಡಿಕೆ ಚೀಲ) ಸಣ್ಣ ಬಾಯಿಯ ಕ್ಲಿಪ್ ತೆಗೆದಿಡಿ. ಇದನ್ನು ಮರೆತರೆ ರಾಡಿನ ಜೊತೆ ಬೆಲ್ಲೋ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಒಂದೆರಡು ತಿಂಗಳಲ್ಲಿ ಹರಿಯುತ್ತದೆ. ಎರೆಮಣ್ಣಿನ ಕೆಸರು ಒಳಹೊಕ್ಕರೆ ನೀವು ಈಗ ತಾನೇ ಹಾಕಿಸಿದ ರ್ಯಾಕ್ ಎಂಡ್ ಹೋಯಿತು. ರಾಡನ್ನು ಅರ್ಧ ಸುತ್ತು ತಿರುಗಿಸಿ, ಬೆಲ್ಲೋ ನೇರ ಮಾಡಿ, ಬಾಲ್ ಜಾಯಿಂಟ್ ತನ್ನ ಆಟದ ನಡುವೆ ಇರುವಂತೆ ಹಿಡಿದು ನಟ್ ಬಿಗಿಯಿರಿ. ಗಾಡಿ ಇಳಿಸಿ, ಹತ್ತು ಹೆಜ್ಜೆ ಮುಂದೆ ಹಿಂದೆ ಉರುಳಿಸಿ, ಮತ್ತೆ ಅದೇ ರಸ್ತೆಗೆ ಹೋಗಿ ನೋಡಿ.

ಮುಗಿದ ಮೇಲೆ ಎರಡೂ ಕಡೆ ಹೊರಗಿರುವ ಥ್ರೆಡ್ ಅಳೆಯಿರಿ. 2–3 ಮಿ.ಮೀ. ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಒಂದು ಕಡೆ ಹತ್ತು ಥ್ರೆಡ್, ಇನ್ನೊಂದು ಕಡೆ ಮೂರೇ ಥ್ರೆಡ್ ಕಂಡರೆ ಯಾವುದೋ ಭಾಗ ಬಾಗಿದೆ, ಅಥವಾ ತಂದ ಸಾಮಾನಿನ ಉದ್ದವೇ ಬೇರೆ. ಅಂಥಲ್ಲಿ ತಿರುಗಿಸುತ್ತ ಹೋಗುವುದು ಅಪಾಯ: ಎಂಡಿನೊಳಗೆ ಥ್ರೆಡ್ ಸಾಕಷ್ಟು ಉಳಿಯದಿದ್ದರೆ ಕಳಚಿಕೊಳ್ಳುತ್ತದೆ. ಕೊನೆಗೆ ಒಮ್ಮೆ ಸ್ಟ್ಯಾಂಡ್ ಕೊಟ್ಟು ಬಿಗಿದ ಸ್ಟೇರಿಂಗಿನಿಂದಲೇ ಟೋ ಅಳೆಸಿಕೊಳ್ಳಿ. ಸ್ಟ್ಯಾಂಡ್ ಹಾಕುತ್ತಾರೋ ಇಲ್ಲವೋ, ನೀವೇ ಬಾಗಿಲ ಹತ್ತಿರ ನಿಂತು ನೋಡಿ.

ಪ್ರಶ್ನೆ: ಸ್ಟೇರಿಂಗ್ ಸೊಟ್ಟ ಇತ್ತೆಂದು ಬಿಚ್ಚಿ ಸರಿಸಿ ಹಾಕಿಸಿದೆ. ಈಗ ನೇರ ಕಾಣುತ್ತದೆ. ಆದರೆ ಬಲಕ್ಕೆ ಹಾಕಿದ ಇಂಡಿಕೇಟರ್ ತಿರುವು ಮುಗಿಯುವ ಮೊದಲೇ ಆರುತ್ತದೆ, ಎಡದ್ದು ಆರುವುದೇ ಇಲ್ಲ. ಏರ್‌ಬ್ಯಾಗಿನ ಕೆಂಪು ದೀಪ ಉರಿಯುತ್ತಿದೆ. ಹಾರ್ನ್ ಒಮ್ಮೊಮ್ಮೆ ಬಾರಿಸುವುದಿಲ್ಲ.
— ಓದುಗರು, ಕಲಬುರಗಿ

ಮೂರೂ ಒಂದೇ ಕೆಲಸದ ಫಲ. ಇಂಡಿಕೇಟರ್ ಸ್ವಿಚ್ಚನ್ನು ವಾಪಸ್ ತಳ್ಳುವ ಗುಬ್ಬಿ (ಸಣ್ಣ ಉಬ್ಬು) ಸ್ಟೇರಿಂಗಿನ ಜೊತೆ ತಿರುಗುತ್ತದೆ. ಗಾಲಿ ನೇರ ಇದ್ದಾಗ ಅದು ನಡುವೆ ಇರಬೇಕು. ಸ್ಟೇರಿಂಗ್ ಕಿತ್ತು ಸರಿಸಿದಾಗ ಗಾಲಿಗೂ ಗುಬ್ಬಿಗೂ ಇದ್ದ ಹೊಂದಾಣಿಕೆ ತಪ್ಪಿ, ಒಂದು ಕಡೆ ಬೇಗ, ಇನ್ನೊಂದು ಕಡೆ ತಡ. ಸ್ಟೇರಿಂಗಿನ ಹಲ್ಲು 36 ಇದ್ದರೆ ಒಂದು ಹಲ್ಲಿಗೇ 10 ಡಿಗ್ರಿ ಹೋಗುತ್ತದೆ, 4 ಡಿಗ್ರಿ ಸೊಟ್ಟವನ್ನು ಅದರಿಂದ ಸರಿಪಡಿಸಲು ಬರುವುದೂ ಇಲ್ಲ. ಕೆಲವು ಕಾರುಗಳಲ್ಲಿ ಒಂದು ಹಲ್ಲು ದಪ್ಪ ಇರುತ್ತದೆ. ಸ್ಟೇರಿಂಗ್ ಒಂದೇ ಜಾಗದಲ್ಲಿ ಕೂರಲಿ ಎಂದೇ ಹಾಗೆ ಮಾಡಿರುತ್ತಾರೆ. ಅಂಥದ್ದನ್ನು ಬೇರೆ ಕಡೆ ಕೂರಿಸಲು ಬಡಿದರೆ ಹಲ್ಲು ಜಜ್ಜಿಹೋಗುತ್ತದೆ.

ಏರ್‌ಬ್ಯಾಗ್ ದೀಪ ಮತ್ತು ಹಾರ್ನಿನ ತೊಂದರೆ ಕ್ಲಾಕ್ ಸ್ಪ್ರಿಂಗಿನದು. ಸ್ಟೇರಿಂಗಿನ ಕೆಳಗೆ ದುಂಡಗಿನ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ತೆಳ್ಳಗಿನ ಪಟ್ಟಿ ತಂತಿ. ನಡುವಿನಿಂದ ಎರಡೂ ಕಡೆ ಇಷ್ಟೇ ಸುತ್ತು, ಸಾಮಾನ್ಯವಾಗಿ ಎರಡೂವರೆ ಸುತ್ತಿನ ಆಸುಪಾಸು, ಎಂದು ಅಳೆದೇ ಇಟ್ಟಿರುತ್ತಾರೆ. ಡಬ್ಬಿ ನಡುವೆ ಇಲ್ಲದೆ ಕೂರಿಸಿದರೆ ಒಂದು ಕಡೆ ಪೂರ್ತಿ ತಿರುಗಿಸುವಾಗ ಪಟ್ಟಿ ಸೆಳೆದುಕೊಂಡು ಹರಿಯುತ್ತದೆ. ಹರಿದರೆ ಡಬ್ಬಿಯನ್ನೇ ಬದಲಿಸಬೇಕು, ಬೆಸುಗೆ ಹಾಕುವ ಮಾತಿಲ್ಲ. ಅಪಘಾತವಾದಾಗ ಆ ಪಟ್ಟಿಯ ಮೂಲಕವೇ ಏರ್‌ಬ್ಯಾಗಿಗೆ ವಿದ್ಯುತ್ ಹೋಗಬೇಕು. ದೀಪ ಉರಿಯುತ್ತಿರುವಷ್ಟು ದಿನ ನಿಮ್ಮ ಏರ್‌ಬ್ಯಾಗ್ ಇಲ್ಲದಂತೆಯೇ ಎಂದು ತಿಳಿಯಿರಿ.

ಈ ಕೆಲಸವನ್ನು ರಸ್ತೆಬದಿಯಲ್ಲಿ ಮಾಡಿಸಬೇಡಿ. ಬ್ಯಾಟರಿಯ ಮೈನಸ್ ತೆಗೆದು ಕೈಪಿಡಿ ಹೇಳಿದಷ್ಟು ಹೊತ್ತು, ಕಡಿಮೆಯೆಂದರೂ ಐದು ನಿಮಿಷ, ಕಾಯಬೇಕು. ಹಳದಿ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ಹಚ್ಚಬಾರದು. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿ ಇಡಬೇಕು. ಮುಂದಿನ ಗಾಲಿ ನೇರ, ರ್ಯಾಕ್ ನಡುವೆ ಇಟ್ಟುಕೊಂಡು, ಡಬ್ಬಿಯ ಬಾಣದ ಗುರುತು ಕೂಡಿಸಿ, ಸ್ಟೇರಿಂಗನ್ನು ಮೊದಲಿದ್ದ ಹಲ್ಲಿಗೇ ಮರಳಿ ಹಾಕಿಸಿ. ಆಗ ಸ್ಟೇರಿಂಗ್ ಮತ್ತೆ ಸೊಟ್ಟ ಕಾಣುತ್ತದೆ. ಅದನ್ನು ಮೇಲಿನ ಉತ್ತರದಂತೆ ಟೈ ರಾಡಿನಲ್ಲಿ ತೆಗೆಯಿರಿ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಅಥವಾ ಇಎಸ್‌ಪಿ (ಗಾಡಿ ಜಾರದಂತೆ ಕಂಪ್ಯೂಟರೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಾದರೆ ಕೊನೆಗೆ ಸ್ಕ್ಯಾನರ್ ಹಚ್ಚಿ ಸ್ಟೇರಿಂಗ್ ಕೋನದ ಸೆನ್ಸರಿಗೆ ಇದೇ ನಡು ಎಂದು ಕಲಿಸಬೇಕು. ಇಲ್ಲದಿದ್ದರೆ ಗಾಡಿ ನೇರ ಹೋಗುವಾಗಲೂ ಕಂಪ್ಯೂಟರಿಗೆ ತಿರುಗುತ್ತಿದೆ ಅನ್ನಿಸುತ್ತಿರುತ್ತದೆ.

ಪ್ರಶ್ನೆ: ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆ ಸ್ಟೇರಿಂಗ್ ಎಡಕ್ಕೆ ವಾಲಿದೆ, ಕೈ ಬಿಟ್ಟರೆ ಗಾಡಿಯೂ ಬಲಕ್ಕೆ ಎಳೆಯುತ್ತದೆ. ಕ್ಲಚ್ಚಿಗೂ ಸ್ಟೇರಿಂಗಿಗೂ ಏನು ಸಂಬಂಧ? ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ.
— ಓದುಗರು, ಸೇಡಂ

ಸಂಬಂಧ ಇದೆ. ಹಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಕೆಳಗಿನ ಕ್ರಾಸ್ ಮೆಂಬರ್ (ಎಂಜಿನ್ ಕೆಳಗಿನ ಅಡ್ಡ ಚೌಕಟ್ಟು) ಬಿಚ್ಚಬೇಕು. ಗಾಲಿಯ ಬುಡ ಹಿಡಿಯುವ ಲೋವರ್ ಆರ್ಮ್ ಅದಕ್ಕೇ ಹೊಂದಿಕೊಂಡಿರುತ್ತದೆ, ಬಹಳ ಗಾಡಿಗಳಲ್ಲಿ ರ್ಯಾಕ್ ಕೂಡ. ಅದರ ಬೋಲ್ಟ್ ತೂತುಗಳು ಬೋಲ್ಟಿಗಿಂತ ಚೂರು ದೊಡ್ಡವು. ಮರಳಿ ಕಟ್ಟುವಾಗ ಪಕ್ಕಕ್ಕೆ 3 ಮಿ.ಮೀ. ಸರಿದು ಕೂತರೂ ಎರಡೂ ಗಾಲಿಗಳ ಬುಡ ಒಂದೇ ಕಡೆ ಸರಿಯುತ್ತದೆ: ಒಂದು ಗಾಲಿಯ ನೆತ್ತಿ ಒಳಕ್ಕೆ, ಇನ್ನೊಂದರದ್ದು ಹೊರಕ್ಕೆ. ನೆತ್ತಿ ಹೊರಕ್ಕೆ ವಾಲಿದ ಕಡೆಗೆ ಗಾಡಿ ಎಳೆಯುತ್ತದೆ. ನೀವು ಎದುರು ಕಡೆಗೆ ಸ್ಟೇರಿಂಗ್ ಹಿಡಿದಿಟ್ಟುಕೊಳ್ಳುತ್ತೀರಿ. ನಿಮ್ಮ ಲಕ್ಷಣ ಇದಕ್ಕೇ ಹೊಂದುತ್ತದೆ. ಟೋ ಎಷ್ಟು ಸಲ ಹೊಂದಿಸಿದರೂ ಕ್ಯಾಂಬರ್ (ಗಾಲಿಯ ನೆತ್ತಿಯ ಈ ವಾಲು) ಹಾಗೇ ಉಳಿಯುವುದರಿಂದ ತೊಂದರೆ ಹೋಗುವುದಿಲ್ಲ.

ಹಳೆಯ ಅಲೈನ್‌ಮೆಂಟ್ ಚೀಟಿ ತೆಗೆದು ಎಡ ಬಲ ಕ್ಯಾಂಬರ್ ಅಂಕಿ ನೋಡಿ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಇದ್ದು, ಕೆಲಸಕ್ಕೆ ಮೊದಲಿನ ಚೀಟಿಯಲ್ಲಿ ಅದು ಇಲ್ಲದಿದ್ದರೆ ಕ್ರಾಸ್ ಮೆಂಬರ್ ಸರಿದಿದೆ. ಗಾಡಿಯ ಕೆಳಗೆ ಹೋಗಿ ಬೋಲ್ಟಿನ ತಲೆಯ ಸುತ್ತ ಟಾರ್ಚ್ ಹಿಡಿಯಿರಿ. ವರ್ಷಗಟ್ಟಲೆ ವಾಷರ್ ಕೂತಿದ್ದ ಜಾಗದಲ್ಲಿ ಧೂಳು ಹತ್ತದ ಹೊಳೆಯುವ ಉಂಗುರ ಇರುತ್ತದೆ. ಈಗಿನ ವಾಷರ್ ಆ ಉಂಗುರದ ಮೇಲೆ ಸರಿಯಾಗಿ ಕೂತಿದೆಯೇ, ಒಂದು ಕಡೆ ಚಂದ್ರನ ಕೊರೆಯಂತೆ ಹೊಳಪು ಇಣುಕುತ್ತಿದೆಯೇ? ಇಣುಕುತ್ತಿದ್ದರೆ ಎಷ್ಟು ಸರಿದಿದೆ, ಯಾವ ಕಡೆಗೆ ಎಂಬುದು ಕಣ್ಣೆದುರೇ ಇದೆ. ಕ್ರಾಸ್ ಮೆಂಬರಿಗೆ ಕೆಳಗಿನಿಂದ ಜಾಕ್ ಆಸರೆ ಕೊಟ್ಟು, ಬೋಲ್ಟ್‌ಗಳನ್ನು ತೆಗೆಯದೆ ಸಡಿಲಿಸಿ, ಸಬ್ಬಲ್ಲಿನಿಂದ ಮೀಟಿ ಹಳೆಯ ಉಂಗುರಕ್ಕೆ ಕೂಡಿಸಿ ಟಾರ್ಕ್ ಪಾನಾದಿಂದ ಬಿಗಿಯಬೇಕು. ಆಮೇಲೆ ಅಲೈನ್‌ಮೆಂಟ್.

ಇದೇ ಕೆಲಸದಲ್ಲಿ ಕಾಲಮ್ಮಿನ ಕೆಳಗಿನ ಜಾಯಿಂಟನ್ನೂ ಕಳಚಿರುತ್ತಾರೆ. ಅದು ಒಂದು ಹಲ್ಲು ಹೆಚ್ಚುಕಡಿಮೆ ಕೂತಿದ್ದರೆ ಸ್ಟೇರಿಂಗ್ ಒಮ್ಮೆಲೇ ಗಣನೀಯವಾಗಿ ಸೊಟ್ಟ ಆಗುತ್ತದೆ. ಮೊದಲ ಉತ್ತರದ ಸುತ್ತು ಎಣಿಸುವ ಪರೀಕ್ಷೆಯಿಂದ ಅದನ್ನು ಹಿಡಿಯಬಹುದು. ಇಂಥ ಕೆಲಸಕ್ಕೆ ಗಾಡಿ ಬಿಡುವಾಗಲೇ ಹೇಳಿ: ಜಾಯಿಂಟ್ ಕಳಚುವ ಮೊದಲು ಬಣ್ಣದ ಗುರುತು ಹಾಕಲಿ, ಸೀಟ್ ಬೆಲ್ಟನ್ನು ಸ್ಟೇರಿಂಗಿನೊಳಗೆ ತೂರಿಸಿ ಸಿಗಿಸಿ ಕಟ್ಟಲಿ. ಜಾಯಿಂಟ್ ಕಳಚಿದಾಗ ಯಾರಾದರೂ ಒಳಗೆ ಕೂರುತ್ತ ಸ್ಟೇರಿಂಗ್ ಹಿಡಿದು ತಿರುಗಿಸಿದರೆ ಕ್ಲಾಕ್ ಸ್ಪ್ರಿಂಗ್ ಹರಿಯುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯ ಹತ್ತಿರ ಕಂಪ್ಯೂಟರ್ ಅಲೈನ್‌ಮೆಂಟ್ ಇಲ್ಲ. ದಾರ ಕಟ್ಟಿ ನೋಡುವ ಹಳೆಯ ಪದ್ಧತಿ ನಂಬಬಹುದೇ?
— ಓದುಗರು, ಔರಾದ್ ತಾಲ್ಲೂಕು

ಸಮಾಧಾನದಿಂದ ಮಾಡಿದರೆ ಖಂಡಿತ ನಂಬಬಹುದು. ಸ್ಟೇರಿಂಗ್ ಸೊಟ್ಟ ಹುಡುಕಲು ಇದು ಬಹಳ ಒಳ್ಳೆಯ ಪದ್ಧತಿ, ಏಕೆಂದರೆ ಪ್ರತಿ ಗಾಲಿ ಯಾವ ಕಡೆ ನೋಡುತ್ತಿದೆ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ.

ಶಹಾಬಾದ್ ಕಲ್ಲಿನ ಫರಸಿ ಹಾಕಿದ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ನೆಲ ಬೇಡ. ಮಟ್ಟ ಇದೆಯೇ ಎಂದು ಗೌಂಡಿಗಳ ನೀರಿನ ಪೈಪಿನಿಂದ ನಾಲ್ಕೂ ಗಾಲಿಯ ಜಾಗ ನೋಡಿಕೊಳ್ಳಿ. ಗಾಡಿಯನ್ನು ಮುಂದಕ್ಕೆ ಉರುಳಿಸಿಯೇ ನಿಲ್ಲಿಸಿ, ಹಿಂದಕ್ಕೆ ತಳ್ಳಿ ನಿಲ್ಲಿಸಬೇಡಿ. ಬುಷ್‌ಗಳು (ಜೋಡಣೆಗಳ ನಡುವಿನ ರಬ್ಬರ್) ಎದುರು ಕಡೆ ಒತ್ತಿಕೊಂಡು ಅಳತೆ ತಪ್ಪುತ್ತದೆ. ಸ್ಟೇರಿಂಗ್ ನಡುವೆ ತಂದು ಕಟ್ಟಿ. ಕಾರಿಗಿಂತ ಅಗಲವಾದ ಎರಡು ನೇರ ಪೈಪ್ ತೆಗೆದುಕೊಂಡು ಎರಡರಲ್ಲೂ ಒಂದೇ ಅಂತರಕ್ಕೆ, ಉದಾಹರಣೆಗೆ 190 ಸೆಂ.ಮೀ.ಗೆ, ಗರಗಸದಿಂದ ಕಚ್ಚು ಮಾಡಿ. ಒಂದನ್ನು ಮುಂದಿನ ಬಂಪರಿನ ಮುಂದೆ, ಇನ್ನೊಂದನ್ನು ಹಿಂದೆ, ಗಾಲಿಯ ನಡುವಿನ ಎತ್ತರಕ್ಕೆ ಇಟ್ಟು, ಕಚ್ಚಿನಿಂದ ಕಚ್ಚಿಗೆ ಗೌಂಡಿಗಳ ನೈಲಾನ್ ದಾರ ಬಿಗಿಯಾಗಿ ಎಳೆಯಿರಿ. ಎರಡೂ ದಾರ ಈಗ ಒಂದಕ್ಕೊಂದು ಸಮಾನಾಂತರ. ಪೈಪ್‌ಗಳನ್ನು ಅತ್ತಿತ್ತ ಜರುಗಿಸಿ, ಮುಂದಿನ ಎರಡು ಗಾಲಿಗಳ ನಡುಬೊಟ್ಟಿನಿಂದ ದಾರಕ್ಕೆ ಒಂದೇ ಅಂತರ, ಹಿಂದಿನ ಎರಡರಿಂದಲೂ ಒಂದೇ ಅಂತರ ಬರುವಂತೆ ಮಾಡಿ. ಮುಂದಿನದೂ ಹಿಂದಿನದೂ ತಮ್ಮಲ್ಲಿ ಬೇರೆ ಬಂದರೆ ಗಾಬರಿ ಬೇಡ, ಬಹಳ ಕಾರುಗಳಲ್ಲಿ ಮುಂದಿನ ಗಾಲಿಗಳ ಅಗಲ ಬೇರೆ, ಹಿಂದಿನವುಗಳದ್ದು ಬೇರೆ.

ಈಗ ಪ್ರತಿ ಗಾಲಿಯ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಸ್ಟೀಲ್ ಪಟ್ಟಿಯಿಂದ ಅಳೆಯಿರಿ. ದಾರವನ್ನು ಪಟ್ಟಿ ತಾಕಬಾರದು, ತಾಕಿದರೆ ಅಳತೆ ಸುಳ್ಳು. ಮುಂದಿನ ಅಂಚು ದಾರದಿಂದ ಹೆಚ್ಚು ದೂರ ಇದ್ದರೆ ಗಾಲಿ ಒಳಮುಖ. 14 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸ ಅಂದರೆ 0.15 ಡಿಗ್ರಿ. ಎಡಗಾಲಿ 3 ಮಿ.ಮೀ. ಒಳಮುಖ, ಬಲಗಾಲಿ 3 ಮಿ.ಮೀ. ಹೊರಮುಖ ಬಂತು ಅನ್ನಿ. ಒಟ್ಟು ಟೋ ಸೊನ್ನೆ, ಟೈರ್ ಸವೆಯುವುದಿಲ್ಲ. ಆದರೆ ಎರಡೂ ಗಾಲಿ ಬಲಕ್ಕೆ ನೋಡುತ್ತಿವೆ. ಗಾಡಿ ನೇರ ಹೋಗಬೇಕಾದರೆ ನೀವು ಸ್ಟೇರಿಂಗನ್ನು 7 ಡಿಗ್ರಿ ಎಡಕ್ಕೆ ಹಿಡಿಯಲೇಬೇಕು. ರಿಮ್ ಬಾಗಿದೆ ಎಂಬ ಅನುಮಾನ ಇದ್ದರೆ ಗಾಲಿಯನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆಯಿರಿ.

ಹಿಂದಿನ ಗಾಲಿಗಳನ್ನೂ ಅಳೆಯಲು ಮರೆಯಬೇಡಿ. ಎರಡೂ ಹಿಂದಿನ ಗಾಲಿ ಒಂದೇ ಕಡೆಗೆ ನೋಡುತ್ತಿದ್ದರೆ ಗಾಡಿ ಓರೆಯಾಗಿ ಓಡುತ್ತದೆ, ಅದನ್ನು ಸರಿದೂಗಿಸಲು ಮುಂದಿನ ಗಾಲಿ ತಿರುಗಿಯೇ ಇರಬೇಕಾಗುತ್ತದೆ. ಸಣ್ಣ ಕಾರುಗಳ ಹಿಂದಿನ ಆಕ್ಸಲ್‌ಗೆ ಹೊಂದಿಸುವ ನಟ್ಟೇ ಇರುವುದಿಲ್ಲ. ಬುಷ್ ಹೋಗಿದೆಯೋ ಆಕ್ಸಲ್ ಬಾಗಿದೆಯೋ ನೋಡಬೇಕು.

ಪ್ರಶ್ನೆ: ತೊಗರಿ, ಉದ್ದು ಹೇರುವ 407 ಸಣ್ಣ ಲಾರಿ. ಮುಂದಿನ ಪಟ್ಟಿಗೆ (ಲೀಫ್ ಸ್ಪ್ರಿಂಗಿಗೆ) ಒಂದು ಎಲೆ ಹೆಚ್ಚು ಹಾಕಿಸಿದ ಮೇಲೆ ಸ್ಟೇರಿಂಗ್ ಪಕ್ಕಕ್ಕೆ ನಿಂತಿದೆ. ಟೈ ರಾಡ್ ತಿರುಗಿಸಲೇ?
— ಓದುಗರು, ಭಾಲ್ಕಿ

ಟೈ ರಾಡ್ ಮುಟ್ಟಬೇಡಿ. ಒಂದೇ ಉದ್ದನೆಯ ಆಕ್ಸಲ್ ಇರುವ ಗಾಡಿಯಲ್ಲಿ ಟೈ ರಾಡ್ ಎರಡು ಗಾಲಿಗಳ ನಡುವಿನ ಟೋ ಮಾತ್ರ ನಿರ್ಧರಿಸುತ್ತದೆ. ಸ್ಟೇರಿಂಗಿನ ಜಾಗ ನಿರ್ಧರಿಸುವುದು ಡ್ರ್ಯಾಗ್ ಲಿಂಕ್, ಅಂದರೆ ಸ್ಟೇರಿಂಗ್ ಬಾಕ್ಸಿನ ಡ್ರಾಪ್ ಆರ್ಮಿನಿಂದ ಗಾಲಿಯ ತೋಳಿಗೆ ಹೋಗುವ ರಾಡ್. ಪಟ್ಟಿ ಎತ್ತರವಾದಾಗ ಚಾಸಿಗೂ ಆಕ್ಸಲ್‌ಗೂ ಅಂತರ ಹೆಚ್ಚಿ, ಆ ರಾಡಿನ ಓರೆ ಬದಲಾಗಿ, ಅದು ಗಾಲಿಯನ್ನು ಎಳೆದೋ ತಳ್ಳಿಯೋ ಇಟ್ಟಿದೆ.

ಮೊದಲು ಆಕ್ಸಲ್ ಸರಿದಿಲ್ಲ ಎಂದು ನೋಡಿ: ಎಡಗಡೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನದರ ನಡುವಿಗೆ, ಹಾಗೇ ಬಲಗಡೆ. 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪಟ್ಟಿಯ ಸೆಂಟರ್ ಬೋಲ್ಟ್ ತನ್ನ ತೂತಿನಲ್ಲಿ ಕೂತಿಲ್ಲ ಅಥವಾ ತುಂಡಾಗಿದೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಆಮೇಲೆ ಡ್ರ್ಯಾಗ್ ಲಿಂಕಿನ ಒಂದು ತುದಿ ಬಿಡಿಸಿ, ಸ್ಟೇರಿಂಗ್ ಬಾಕ್ಸಿನ ಸುತ್ತು ಎಣಿಸಿ ಅರ್ಧಕ್ಕೆ ನಿಲ್ಲಿಸಿ. ತುದಿಯಲ್ಲಿ ಮೆಲ್ಲಗೆ ತಿರುಗಿಸಿರಿ, ಬಡಿಯಬೇಡಿ. ಈ ಬಾಕ್ಸುಗಳಲ್ಲಿ ನಡುವೆ ಹಲ್ಲು ಬಿಗಿ ಇರುವಂತೆ ಮಾಡಿರುತ್ತಾರೆ, ನೇರ ಹೋಗುವಾಗ ಆಟ ಕಡಿಮೆ ಇರಲಿ ಎಂದು. ಆ ಬಿಗಿ ಜಾಗ ಪಕ್ಕಕ್ಕೆ ಉಳಿದರೆ ಸ್ಟೇರಿಂಗ್ ನೇರ ಕಂಡರೂ ಗಾಡಿ ಹೆದ್ದಾರಿಯಲ್ಲಿ ಅಲೆದಾಡುತ್ತದೆ. ಬಾಕ್ಸ್ ನಡುವೆ, ಗಾಲಿ ನೇರ; ಈಗ ಲಿಂಕಿನ ಉದ್ದವನ್ನು ಬಾಲ್ ಪಿನ್ ಒತ್ತದೆ ತನ್ನಷ್ಟಕ್ಕೆ ತೂತಿಗೆ ಇಳಿಯುವಷ್ಟು ಹೊಂದಿಸಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಇದನ್ನೆಲ್ಲ ನೀವು ಹೆಚ್ಚಾಗಿ ಓಡಿಸುವ ಭಾರದಲ್ಲಿ ಮಾಡಿ. ಖಾಲಿ ಗಾಡಿಯಲ್ಲಿ ನೇರ ಮಾಡಿದ್ದು ತೊಗರಿ ಚೀಲ ಹೇರಿದ ಮೇಲೆ ನೇರ ಉಳಿಯುವುದಿಲ್ಲ.

ಪ್ರಶ್ನೆ: ಭತ್ತದ ಗದ್ದೆಗೆ ಹೊಡೆಯುವ ಪವರ್ ಸ್ಟೇರಿಂಗ್ ಟ್ರ್ಯಾಕ್ಟರ್. ಸ್ಟೇರಿಂಗ್ ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ತದ. ಕೆಟ್ಟದೇನ್ರಿ?
— ಓದುಗರು, ಸುರಪುರ

ಪೂರ್ತಿ ಹೈಡ್ರಾಲಿಕ್ ಸ್ಟೇರಿಂಗ್ ಆಗಿದ್ದರೆ ಅದು ಸಹಜ. ಸ್ಟೇರಿಂಗಿಗೂ ಗಾಲಿಗೂ ನಡುವೆ ರಾಡ್ ಇಲ್ಲ, ಎಣ್ಣೆಯ ಪೈಪ್ ಅಷ್ಟೇ. ಒಳಗೆ ಸ್ವಲ್ಪ ಸ್ವಲ್ಪ ಎಣ್ಣೆ ಜಾರುವುದರಿಂದ ಸ್ಟೇರಿಂಗಿನ ಜಾಗ ದಿನಾ ಬದಲಾಗುತ್ತದೆ. ಹಿಡಿಯ ಗುಬುಟು ನೋಡಿ ಗಾಲಿ ಅಂದಾಜು ಮಾಡಬೇಡಿ, ಗಾಲಿಯನ್ನೇ ನೋಡಿ. ಪರೀಕ್ಷೆ ಒಂದಿದೆ: ಗಾಲಿ ಪೂರ್ತಿ ತಿರುಗಿ ತುದಿಗೆ ತಾಕಿದ ಮೇಲೂ ಸ್ಟೇರಿಂಗ್ ಸಲೀಸಾಗಿ ಸುತ್ತುತ್ತಲೇ ಇದ್ದರೆ ಸಿಲಿಂಡರಿನ ಸೀಲ್ ಅಥವಾ ಸ್ಟೇರಿಂಗ್ ಯೂನಿಟ್ ಸವೆದಿದೆ. ಭಾರವಾಗಿ, ಬಹಳ ನಿಧಾನ ಜಾರಿದರೆ ಚಿಂತೆಯಿಲ್ಲ. ಗದ್ದೆ ಕೆಸರಿನಲ್ಲಿ ಸಿಲಿಂಡರಿನ ರಾಡಿಗೆ ಹತ್ತಿದ ಮಣ್ಣು ಒಣಗುವ ಮೊದಲು ತೊಳೆಯಿರಿ, ಸೀಲ್ ಕೊರೆಯುವುದು ಅದೇ.

ಪ್ರಶ್ನೆ: ಬೈಕ್ ಬಿದ್ದ ಮೇಲೆ ಗಾಲಿ ನೇರ ಇಟ್ಟರೆ ಹ್ಯಾಂಡಲ್ ಸೊಟ್ಟ. ಹ್ಯಾಂಡಲ್ ಬದಲಿಸಬೇಕೇ?
— ಓದುಗರು, ಚಿತ್ತಾಪುರ

ಹೆಚ್ಚಾಗಿ ಬೇಡ. ಬಿದ್ದ ಪೆಟ್ಟಿಗೆ ಫೋರ್ಕ್ ಪೈಪುಗಳು ತಮ್ಮನ್ನು ಬಿಗಿದಿರುವ ಹಿಡಿಕೆಯಲ್ಲಿ (ಕ್ಲ್ಯಾಂಪ್) ತಿರುಚಿಕೊಂಡಿರುತ್ತವೆ. ಮುಂದಿನ ಆಕ್ಸಲ್ ನಟ್, ಮಡ್‌ಗಾರ್ಡ್ ಬೋಲ್ಟ್, ಕೆಳಗಿನ ಹಿಡಿಕೆಯ ಬೋಲ್ಟ್ ಸಡಿಲಿಸಿ (ತೆಗೆಯಬೇಡಿ), ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ನೇರಕ್ಕೆ ತಿರುಗಿಸಿ. ಫೋರ್ಕ್ ನಾಲ್ಕಾರು ಸಲ ಒತ್ತಿ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತ ಬನ್ನಿ. ಎರಡೂ ಪೈಪಿಗೆ ಅಡ್ಡ ಗಾಜಿನ ತುಂಡು ಒತ್ತಿ ಹಿಡಿದಾಗ ಅದು ಅಲುಗಿದರೆ ಇನ್ನೂ ತಿರುಚು ಉಳಿದಿದೆ, ಅಥವಾ ಪೈಪ್ ಬಾಗಿದೆ.

ಪ್ರಶ್ನೆ: ಸ್ಟೇರಿಂಗ್ ನೇರ ಮಾಡಿಸಿ ತರುತ್ತೇನೆ, ಹತ್ತು ಹದಿನೈದು ದಿನಕ್ಕೆ ಮತ್ತೆ ಸೊಟ್ಟ. ಮೂರನೇ ಸಲ ಹೀಗಾಗಿದೆ.
— ಓದುಗರು, ಜೇವರ್ಗಿ

ಹೊಂದಿಸಿದ್ದು ತಾನಾಗಿ ಬದಲಾಗುತ್ತಿದೆ ಅಂದರೆ ಯಾವುದೋ ಸಡಿಲ ಇದೆ. ಮೊದಲು ಟೈ ರಾಡಿನ ಲಾಕ್ ನಟ್ ನೋಡಿ; ರಾಡಿನ ಮೇಲೆ ಹಾಕಿದ ಬಿಳಿ ಗೆರೆ ಮುರಿದಿದ್ದರೆ ನಟ್ ಜಾರಿದೆ. ಗೆರೆ ಕೂಡಿದ್ದರೆ ಒಬ್ಬರನ್ನು ಒಳಗೆ ಕೂರಿಸಿ, ಗಾಡಿ ನೆಲದ ಮೇಲಿದ್ದಂತೆಯೇ ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡ ಬಲ ಆಡಿಸಲು ಹೇಳಿ, ನೀವು ಕೆಳಗೆ ರ್ಯಾಕಿನ ಬ್ರ್ಯಾಕೆಟ್ ಮೇಲೆ ಕೈ ಇಡಿ. ರ್ಯಾಕಿನ ಮೈಯೇ ಕೈಗೆ ಜರುಗಿದಂತೆ ತಾಕಿದರೆ ಬುಷ್ ಹೋಗಿದೆ. ಆಮೇಲೆ ಲೋವರ್ ಆರ್ಮಿನ ಹಿಂದಿನ ದೊಡ್ಡ ಬುಷ್: ರಬ್ಬರ್ ಬಿರಿದು ಒಳಗಿನ ಕಬ್ಬಿಣದ ನಳಿಗೆ ಒಂದು ಕಡೆಗೆ ಕೂತಿದ್ದರೆ ಬ್ರೇಕ್ ಹಿಡಿದಾಗೊಮ್ಮೆ ಗಾಲಿ ಹಿಂದೆ ಸರಿಯುತ್ತದೆ, ಟೋ ಬದಲಾಗುತ್ತದೆ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಒಂದು ಕಡೆ, ಎಕ್ಸಲರೇಟರ್ ಒತ್ತಿದಾಗ ಇನ್ನೊಂದು ಕಡೆ ಹೋಗುತ್ತಿದ್ದರೆ ಇದೇ ಬುಷ್ ಎಂದು ಧೈರ್ಯವಾಗಿ ಹೇಳಬಹುದು. ಸ್ಟ್ರಟ್ಟಿನ (ಮುಂದಿನ ಶಾಕ್ ಅಬ್ಸಾರ್ಬರ್) ಕೆಳಗಿನ ಎರಡು ದಪ್ಪ ಬೋಲ್ಟ್‌ಗಳನ್ನೂ ಟಾರ್ಕ್ ಪಾನಾದಿಂದ ನೋಡಿಸಿ. ಶಾಕ್ ಅಬ್ಸಾರ್ಬರ್ ಬದಲಿಸಿದವರು ಅವನ್ನು ಸರಿಯಾಗಿ ಬಿಗಿಯದಿದ್ದರೆ ಒಂದು ಗುಂಡಿಗೆ ಬಿದ್ದಾಗ ಕ್ಯಾಂಬರ್, ಟೋ ಎರಡೂ ಜಾರುತ್ತವೆ.

ಎಲ್ಲ ಬಿಗಿಯಾಗಿದ್ದೂ ಕೆಲವು ರಸ್ತೆಗಳ ಎಡಬದಿಯಲ್ಲಿ ಹೋಗುವಾಗ ಮಾತ್ರ ಸೊಟ್ಟ ಕಾಣುತ್ತಿದ್ದರೆ ಅದು ರಸ್ತೆಯ ಇಳಿಜಾರು. ನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆ ತಗ್ಗಿಸಿರುತ್ತಾರೆ, ಎಡಬದಿಯಲ್ಲಿ ಓಡುವ ಗಾಡಿ ಎಡಕ್ಕೆ ಜಾರಲು ನೋಡುತ್ತದೆ, ನಾವು ಕೂದಲೆಳೆಯಷ್ಟು ಬಲಕ್ಕೆ ಹಿಡಿಯುತ್ತೇವೆ. ಎರೆಮಣ್ಣಿನ ಮೇಲೆ ಹಾಕಿದ ನಮ್ಮ ರಸ್ತೆಗಳಲ್ಲಿ ಅಂಚು ಕುಸಿದಲ್ಲಿ ಇದು ಇನ್ನೂ ಹೆಚ್ಚು. ಗಾಡಿಗಳಿಲ್ಲದ ಅಗಲ ಜಾಗದಲ್ಲಿ ನಡುಗೆರೆಯ ಮೇಲೆ ಒಮ್ಮೆ ನಿಧಾನ ಓಡಿಸಿ ನೋಡಿ. ಅಲ್ಲಿ ಸ್ಟೇರಿಂಗ್ ನೇರ ನಿಂತರೆ ಪಾನಾ ಕೆಳಗಿಡಿ.